ಕಿರಾಯಿ ಮನಿ, ಲಾಡ್ಜಿನ ರಿಜಿಸ್ಟರ್: ಪೂರ್ವಗ್ರಹ ಯಾವುದು, ರೇಸಿಸಂ ಯಾವುದು?

ತೊಗರಿ ಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ್ರಿ. ವಾದ ಮನ್ಯಾಗ ಮುಗೀಲಿಲ್ಲ, ಅದಕ್ಕ ಇಲ್ಲಿಗಿ ತಂದೀನಿ.

ನಮ್ಮ ಕಾಕಾಂದು ಆಳಂದ ರಸ್ತಾದ ಕಡಿ ಎರಡು ಅಂತಸ್ತಿನ ಮನಿ ಅದ. ಮ್ಯಾಲಿಂದು ಕಿರಾಯಿಗಿ ಬಿಡ್ತಾರ. ಕಡಗಂಚಿ ಸೆಂಟ್ರಲ್ ಯುನಿವರ್ಸಿಟಿಯಾಗ ಎಂ.ಎ. ಓದೋ ಮಣಿಪುರದ ಇಬ್ಬರು ಹುಡುಗರು ಕೇಳ್ಲಾಕ ಬಂದಿದ್ರು. ಕಾಕಾ ಕೂಡಿಸಿ ಮಾತಾಡಿಸಿದ್ರು, ಚಹಾ ಕೊಟ್ರು, ಆಮ್ಯಾಲ "ಬ್ಯಾರೆಯವರಿಗಿ ಮಾತು ಕೊಟ್ಟೀವಿ" ಅಂತ ಹೇಳಿ ಕಳಿಸಿದ್ರು. ಯಾರಿಗೂ ಮಾತು ಕೊಟ್ಟಿದ್ದಿಲ್ಲ. ಕಾಕಾನ ಮಗಳು "ಅಪ್ಪಾ, ಇದು ರೇಸಿಸಂ" ಅಂದ್ಳು. ಕಾಕಾಗ ಸಿಟ್ಟು ನೆತ್ತಿಗೇರ್ತು. "ನಾ ಯಾರಿಗೂ ಕೀಳು ಅಂದಿಲ್ಲ. ಅವರ ಅಡಗಿ ವಾಸನಿ ನಿಮ್ಮವ್ವಗ ಆಗಂಗಿಲ್ಲ, ಅಷ್ಟೇ" ಅಂದ್ರು. ಆ ಹುಡುಗರು ಏನು ಅಡಗಿ ಮಾಡ್ತಾರ ಅಂತ ಯಾರೂ ಕೇಳಿದ್ದಿಲ್ಲ, ಅದು ಬ್ಯಾರೆ ಮಾತು.

ಇದರ ಹಿಂದ ಇನ್ನೊಂದು ಅದ. ಆ ಕಾಲೋನಿ ಮನಿ ಮಾಲಕರದು ಒಂದು ವಾಟ್ಸಾಪ್ ಗ್ರೂಪ್ ಅದ, ದಲಾಲರೂ ಅದರಾಗ ಇದ್ದಾರ. "ನಾರ್ತ್ ಈಸ್ಟಿನವರಿಗೆ, ಆಫ್ರಿಕಾದವರಿಗೆ ಮನೆ ಕೊಡಬಾರದು, ಎಲ್ಲರ ಒಪ್ಪಿಗೆ ಇದೆ" ಅಂತ ಒಂದು ಮೆಸೇಜ್ ಪಿನ್ ಮಾಡಿಟ್ಟಾರ. ಕಾಕಾ ಹಾಕಿದ್ದಲ್ಲ. ತೆಗೀರಿ ಅಂತಲೂ ಅಂದಿಲ್ಲ.

ಕಾಕಾಂದು ಪೂರ್ವಗ್ರಹ, ಆ ಮೆಸೇಜು ರೇಸಿಸಂ, ಹಿಂಗ ಫರಕ್ ಮಾಡಬಹುದೇನ್ರಿ? ಇಲ್ಲಾ ಎರಡೂ ಒಂದೇನಾ? ತಿಳಿದವರು ಹೇಳ್ರಿ. ಬೈಗಳ ಬ್ಯಾಡ, ಕಾಕಾ ಒಳ್ಳೆ ಮನುಷ್ಯಾನೇ.

ಬಿಸಿಲು 44

ಮೇ ತಿಂಗಳಾಗ ಕಲಬುರಗಿಯಾಗ ಎಲ್ಲಾರೂ ಕರೇನೇ. ಇಲ್ಲಿ ಯಾವ ಜನಾಂಗ, ಯಾವ ಬಣ್ಣರೀ. ಮುಂದಿನ ಪ್ರಶ್ನಿ ತಗೋರಿ.

ಔರಾದ್ ಮೇಷ್ಟ್ರು

ಕಣಜ ಅವರೇ, ನಿಮ್ಮ ಗೆರೆ ಸರಿಯಾದ ಜಾಗಕ್ಕೆ ಹತ್ತಿರವೇ ಬಿದ್ದಿದೆ. ಆದರೆ ಕಾಕಾ ಅವರನ್ನು ಅಷ್ಟು ಸಲೀಸಾಗಿ ಗೆರೆಯ ಈಚೆ ಕೂರಿಸಬೇಡಿ.

ಆಳನ್ನು ಅರಿಯುವ ಮೊದಲೇ ಆಗಿಹೋದ ತೀರ್ಮಾನವೇ ಪೂರ್ವಗ್ರಹ. ಅದು ತಲೆಯೊಳಗಿನದು. ಎಷ್ಟೋ ಸಲ ತಲೆಯ ಯಜಮಾನನಿಗೇ ಅದರ ಸುದ್ದಿ ಇರುವುದಿಲ್ಲ. ಇದನ್ನು ಅಳೆಯಲು 1998ರಲ್ಲಿ ಅಮೆರಿಕದಲ್ಲಿ ಒಂದು ಪರೀಕ್ಷೆ ಪ್ರಕಟವಾಯಿತು. ಪರದೆಯ ಮೇಲೆ ಮುಖಗಳು, ಒಳ್ಳೆಯ ಪದಗಳು, ಕೆಟ್ಟ ಪದಗಳು ಬರುತ್ತವೆ, ಎರಡು ಕೀ ಒತ್ತಿ ಅವನ್ನು ವಿಂಗಡಿಸಬೇಕು. ಕಪ್ಪು ಮುಖಕ್ಕೂ ಒಳ್ಳೆಯ ಪದಕ್ಕೂ ಒಂದೇ ಕೀ ಇದ್ದಾಗ ಬೆರಳು ಎಷ್ಟು ಮಿಲಿಸೆಕೆಂಡ್ ತಡವರಿಸುತ್ತದೆ ಎಂಬುದೇ ಲೆಕ್ಕ. ಅದನ್ನು ರೂಪಿಸಿದವರಲ್ಲಿ ಆಂಥನಿ ಗ್ರೀನ್‌ವಾಲ್ಡ್ ಜೊತೆಗೆ ಮಹ್ಜರೀನ್ ಬಾನಾಜಿ ಇದ್ದಾರೆ. ಸಿಕಂದರಾಬಾದಿನಲ್ಲಿ ಹುಟ್ಟಿದವರು, ಓದಿದ್ದು ನಿಜಾಮ್ ಕಾಲೇಜು ಮತ್ತು ಉಸ್ಮಾನಿಯಾದಲ್ಲಿ. ನಮ್ಮ ಭಾಗದ ಹಿರಿಯರು ಡಿಗ್ರಿಗೆಂದು ರೈಲು ಹತ್ತುತ್ತಿದ್ದದ್ದೂ ಆ ಊರಿಗೇ. ಈ ಪರೀಕ್ಷೆಗೆ ಟೀಕೆಯೂ ಇದೆ. ಒಬ್ಬನೇ ಮನುಷ್ಯ ಎರಡು ಸಲ ಕೂತರೆ ಅಂಕ ಬದಲಾಗುತ್ತದೆ, ಅಂಕ ನೋಡಿ ಅವನು ನಾಳೆ ಏನು ಮಾಡುತ್ತಾನೆಂದು ಹೇಳುವುದು ಕಷ್ಟ. ನನಗೂ ಒಬ್ಬೊಬ್ಬರ ಹಣೆಪಟ್ಟಿ ಬರೆಯಲು ಅದು ಬೇಡ. ಆದರೆ ದೊಡ್ಡ ಗುಂಪಿನಲ್ಲಿ ಒಲವು ಯಾವ ಕಡೆಗಿದೆ ಎಂದು ಅದು ತೋರಿಸುತ್ತದೆ.

ಈಗ ತಲೆಯಿಂದ ಕೈಗೆ ಬನ್ನಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಬಾಸ್ಟನ್ ಮತ್ತು ಶಿಕಾಗೊದ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಅರ್ಜಿಗಳನ್ನು ಕಳಿಸಿದ್ದರು. ಅರ್ಹತೆ ಒಂದೇ ಬಗೆಯದು, ಹೆಸರು ಮಾತ್ರ ಬೇರೆ: ಅರ್ಧಕ್ಕೆ ಬಿಳಿಯರ ಹೆಸರು, ಅರ್ಧಕ್ಕೆ ಕಪ್ಪುಜನರ ಹೆಸರು. ಬಿಳಿಯರ ಹೆಸರಿಗೆ ಕರೆ ಬಂದದ್ದು ಸುಮಾರು ಶೇ. 50ರಷ್ಟು ಹೆಚ್ಚು. ನಮ್ಮಲ್ಲೂ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಇದೇ ರೀತಿ ಖಾಸಗಿ ಕಂಪನಿಗಳಿಗೆ ಅರ್ಜಿ ಕಳಿಸಿ 2007ರಲ್ಲಿ ಪ್ರಕಟಿಸಿದರು. ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಮೇಲ್ಜಾತಿ ಹೆಸರಿಗಿಂತ ಕರೆ ಕಡಿಮೆ. ಆ ಲಕೋಟೆಗಳನ್ನು ಒಡೆದ ಮ್ಯಾನೇಜರುಗಳನ್ನು ಕೇಳಿದ್ದರೆ ಎಲ್ಲರೂ ನಿಮ್ಮ ಕಾಕಾ ಹೇಳಿದ್ದನ್ನೇ ಹೇಳುತ್ತಿದ್ದರು, "ನಾನು ಯಾರನ್ನೂ ಕೀಳು ಅಂದಿಲ್ಲ".

ಕಾಕಾ ಮಾಡಿದ್ದು ಬರೀ ಪೂರ್ವಗ್ರಹವಲ್ಲ, ಅದು ಕೃತಿಗಿಳಿದು ತಾರತಮ್ಯವಾಗಿದೆ. ಪಿನ್ ಮಾಡಿದ ಮೆಸೇಜು ಅದನ್ನು ಊರಿನ ಕಟ್ಟಳೆ ಮಾಡಿದೆ. ನಾಳೆ ಕಾಕಾ ಮನಸ್ಸು ಬದಲಿಸಿದರೂ ಕಟ್ಟಳೆ ಅಲ್ಲೇ ಇರುತ್ತದೆ. ನಾನು ರೇಸಿಸಂ ಎನ್ನುವುದು ಅದಕ್ಕೆ.

ಸುರಪುರ ಸವಾರ

ಮೇಷ್ಟ್ರೇ, ಹಂಗಾದ್ರ ಬೆಂಗಳೂರಾಗ ನಮಗ ಆಗೋದು ಏನ್ರಿ? ನಮ್ಮ ಯಾದಗಿರಿ ಮಂದಿ ಗುಳೆ ಹೋಗಿ ಅಲ್ಲಿ ಬಿಲ್ಡಿಂಗ್ ಕಟ್ತಾರ, ಅದೇ ಬಿಲ್ಡಿಂಗಿನಾಗ ಒಂದು ಖೋಲಿ ಕೇಳಿದ್ರ ಸಿಗಂಗಿಲ್ಲ. ಬಾಯಿ ತೆಗದ್ರ "ಓ ಗುಲ್ಬರ್ಗಾ ಕಡೆಯವರಾ" ಅಂತ ನಗ್ತಾರ. ಸಿನಿಮಾದಾಗ ನಮ್ಮ ಭಾಷಿ ಬಂದ್ರ ಅದು ಕಾಮಿಡಿಗೇ. ಇದೂ ರೇಸಿಸಂ ಅನ್ರಿ ಮತ್ತ. ಮಣಿಪುರದವರಿಗಿ ಅಷ್ಟೇ ಅಂತೇನು ಬರದದನು?

ಔರಾದ್ ಮೇಷ್ಟ್ರು

ನೋವು ಒಂದೇ ಜಾತಿಯದು, ಒಪ್ಪಿದೆ. ಆದರೂ ಎರಡಕ್ಕೂ ಒಂದೇ ಹೆಸರು ಕೊಟ್ಟರೆ ಎರಡೂ ಮಸುಕಾಗುತ್ತವೆ. ಬೆಂಗಳೂರಿನಲ್ಲಿ ನಿಮ್ಮ ಮಗ ಮಾತಿನ ಧಾಟಿ ಬದಲಿಸಿದರೆ ಗುಂಪಿನಲ್ಲಿ ಕರಗಿಹೋಗುತ್ತಾನೆ. ಹಾಗೆ ಬದಲಿಸಬೇಕಾಗಿ ಬರುವುದು ಅನ್ಯಾಯ, ಆದರೂ ದಾರಿ ಒಂದಿದೆ. ಮಣಿಪುರದ ಹುಡುಗ ಕುವೆಂಪು ಅವರಂತೆ ಕನ್ನಡ ಮಾತಾಡಿದರೂ ಮುಖ ಬದಲಿಸಲಾರ. ಹುಟ್ಟಿನಿಂದ ಬಂದ ಮೈಯ ಗುರುತಿಗೆ ಬೆಲೆ ಕಟ್ಟಿ, ಅದರ ಮೇಲೆ ಮೇಲು ಕೀಳಿನ ಮೆಟ್ಟಿಲು ಕಟ್ಟುವುದು ರೇಸಿಸಂನ ತಿರುಳು.

ನಮ್ಮ ಭಾಗದ ಹಿಂದುಳಿದಿರುವಿಕೆಗೂ ವ್ಯವಸ್ಥೆ ಕಾರಣ ಎಂದು ದೇಶವೇ ಒಪ್ಪಿದೆ. ಅದಕ್ಕೇ 2012ರ ಕೊನೆಗೆ ಸಂಸತ್ತು ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸಿದ್ದು. ಅದನ್ನು ಪ್ರಾದೇಶಿಕ ಅಸಮಾನತೆ ಎನ್ನೋಣ. ಮದ್ದು ಬೇರೆಯಾದ್ದರಿಂದ ರೋಗದ ಹೆಸರೂ ಬೇರೆ ಇರಲಿ.

ಖುಬಾ ಪ್ಲಾಟ್ ವಕೀಲ

ಕಾನೂನಿನ ಕಡೆಯಿಂದ ಒಂದೆರಡು ಮಾತು. ಸಂವಿಧಾನದ 15ನೇ ವಿಧಿಯಲ್ಲಿ ಧರ್ಮ, ಜಾತಿ, ಲಿಂಗ, ಜನ್ಮಸ್ಥಳಗಳ ಜೊತೆಗೇ ಜನಾಂಗವೂ ಇದೆ. ಅದರ ಮೊದಲ ಭಾಗ ಸರ್ಕಾರವನ್ನು ಕಟ್ಟಿಹಾಕುತ್ತದೆ. ಎರಡನೆಯ ಭಾಗ ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೂ ಚಾಚುತ್ತದೆ. ಸ್ವಂತ ಮನೆಯ ಮಾಳಿಗೆ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಕಾಕಾ ಮೇಲೆ ಕೇಸು ನಿಲ್ಲುವುದು ಕಷ್ಟ.

2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ದೆಹಲಿಯಲ್ಲಿ ಹಲ್ಲೆಗೊಳಗಾಗಿ ಸತ್ತ ಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ನೇಮಿಸಿತು. ಜನಾಂಗದ ಹೆಸರಲ್ಲಿ ಅವಮಾನಿಸುವುದನ್ನು ಶಿಕ್ಷಿಸಲು ಪ್ರತ್ಯೇಕ ಕಲಮು ಬೇಕು ಎಂದು ಸಮಿತಿ ಹೇಳಿತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ಅಥವಾ ಹೆಚ್ಚು ಜನ ಸೇರಿ ಜನಾಂಗ, ಜಾತಿ, ಜನ್ಮಸ್ಥಳ, ಭಾಷೆಯ ಕಾರಣಕ್ಕೆ ಕೊಲೆ ಮಾಡಿದರೆ ಅದಕ್ಕೆ ಬೇರೆಯೇ ಉಪಕಲಮು ಇದೆ. ಅಂದರೆ ಕೊಲೆಯವರೆಗೆ ಹೋದರೆ ಕಾನೂನಿಗೆ ಜನಾಂಗ ಕಾಣುತ್ತದೆ, ಬಾಗಿಲು ಮುಚ್ಚಿದರೆ ಕಾಣುವುದಿಲ್ಲ. ನನ್ನ ಪ್ರಕಾರ ನಮ್ಮ ದೇಶದಲ್ಲಿ ಈ ಚರ್ಚೆ ಮುಂದೆ ಹೋಗದಿರುವುದು ಇಲ್ಲೇ.

ಯಲ್ಲಾಪುರದಿಂದ ಬಂದವ

ಇಲ್ಲಿ ಓದುತ್ತಿದ್ದೆ, ಬರೆದಿರಲಿಲ್ಲ. ನಾನು ಸಿದ್ದಿ. ಊರು ಯಲ್ಲಾಪುರ ತಾಲೂಕು, ನೌಕರಿ ನಿಮ್ಮ ಕಡೆ. ನಮ್ಮ ಹಿಂದಿನವರು ಆಫ್ರಿಕಾದಿಂದ ಬಂದವರು, ಹೆಚ್ಚಿನವರನ್ನು ಗುಲಾಮರಾಗಿ ತಂದರು. ಉತ್ತರ ಕನ್ನಡದ ಕಾಡಂಚಿನಲ್ಲಿ ಎಷ್ಟೋ ತಲೆಮಾರು ಕಳೆದಿವೆ. 2003ರಲ್ಲಿ ನಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ಹೋದಾಗ ಟಿ.ವಿ.ಯಲ್ಲಿ ಅವರ ಕನ್ನಡ ಕೇಳಿ ಬೆರಗಾದವರು ನಿಮ್ಮಲ್ಲೂ ಇರಬೇಕು. ಕನ್ನಡವಲ್ಲದೆ ಇನ್ಯಾವ ಭಾಷೆಯಲ್ಲಿ ಭಾಷಣ ಮಾಡಬೇಕಿತ್ತೋ.

ನನಗೆ ಈ ಎರಡರ ವ್ಯತ್ಯಾಸ ಪುಸ್ತಕದಿಂದ ತಿಳಿದದ್ದಲ್ಲ. ಸಂತೆಯಲ್ಲಿ ಮಕ್ಕಳು ನನ್ನ ಕೂದಲು ಮುಟ್ಟಿ ಓಡುತ್ತವೆ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಕೆಲವರು ನಿಂತೇ ಹೋಗುತ್ತಾರೆ. ಕಿರಾಣಿ ಅಂಗಡಿಯಲ್ಲಿ ನಾನು "ಅರ್ಧ ಕೆಜಿ ಸಕ್ಕರೆ ಕೊಡಿ" ಎಂದರೂ ಎದುರಿನವ "ಹಾಫ್ ಕೆಜಿ?" ಎಂದು ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಇದೆಲ್ಲ ಪೂರ್ವಗ್ರಹ. ಮನಸ್ಸಿಗೆ ಕಿರಿಕಿರಿ, ಆದರೆ ಸಕ್ಕರೆ ಸಿಗುತ್ತದೆ, ಬಸ್ಸು ಊರು ಮುಟ್ಟಿಸುತ್ತದೆ. ಆ ಅಂಗಡಿಯವನೇ ಈಗ ನನಗೆ ಸಾಲ ಕೊಡುತ್ತಾನೆ. ಮಾತು ಬೆಳೆದರೆ ಕರಗುವಂಥದ್ದು ಅದು.

ಲಾಡ್ಜ್ ಬೇರೆ. ಕಲಬುರಗಿ, ಬೀದರ್, ಯಾದಗಿರಿ, ಈ ಮೂರು ಜಿಲ್ಲೆಗಳಲ್ಲೇ ಒಂದು ಕಡೆ, ಸ್ಟೇಷನ್ ಹತ್ತಿರ, ರಾತ್ರಿ ರೂಮು ಕೇಳಿದೆ. ಆಧಾರ್ ಕೊಟ್ಟೆ. ಕೌಂಟರಿನ ಹುಡುಗ ತಿರುಗಿಸಿ ಮುರುಗಿಸಿ ನೋಡಿ "ಪಾಸ್‌ಪೋರ್ಟ್?" ಎಂದ. ಕನ್ನಡದಲ್ಲೇ ವಿವರಿಸಿದೆ. ವೋಟರ್ ಕಾರ್ಡನ್ನೂ ಕೊಟ್ಟೆ. "ಸರ್, ಫಾರಿನರ್ಸ್ ಬಂದರೆ ನಾವು ಸಿ ಫಾರ್ಮ್ ತುಂಬಬೇಕು, ಪೊಲೀಸರು ಕೇಳ್ತಾರೆ, ನನ್ನ ನೌಕರಿ ಹೋಗ್ತದೆ" ಎಂದ. ಹುಡುಗ ಕೆಟ್ಟವನಲ್ಲ, ನೀರು ತಂದುಕೊಟ್ಟ, ಮ್ಯಾನೇಜರಿಗೆ ಫೋನ್ ಹಚ್ಚಿದ. ಮ್ಯಾನೇಜರ್ ನನ್ನ ಜೊತೆ ಮಾತಾಡದೆ "ಕೊಡಬೇಡ" ಎಂದ. ಹಣ ಆಗಲೇ ಕಟ್ಟಿಸಿಕೊಂಡಿದ್ದರು, ಅದನ್ನು ವಾಪಸು ಕೊಟ್ಟು ಕಳಿಸಿದರು. ಅಲ್ಲಿ ನನ್ನ ಕನ್ನಡ, ನನ್ನ ಕಾರ್ಡು, ಹುಡುಗನ ಒಳ್ಳೆಯತನ ಯಾವುದೂ ಕೆಲಸಕ್ಕೆ ಬರಲಿಲ್ಲ. ಬೆಳಗಿನವರೆಗೆ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೆ.

ಅಂಗಡಿಯವನ ತಲೆಯಲ್ಲಿದ್ದದ್ದೇ ಲಾಡ್ಜಿನ ಹುಡುಗನ ತಲೆಯಲ್ಲೂ ಇದ್ದದ್ದು. ಹುಡುಗನ ಕೈಯಲ್ಲಿ ರಿಜಿಸ್ಟರ್ ಇತ್ತು, ಅಷ್ಟೇ ವ್ಯತ್ಯಾಸ.

ತೊಗರಿ ಕಣಜ (ಕಲಬುರಗಿ)

ಅಣ್ಣಾ, ಓದಿ ಮಾತೇ ಬರವಲ್ದು. ಇದನ್ನ ಕಾಕಾಗ ತೋರಿಸ್ತೀನಿ.

ಹಬ್ಶಿ ಕೋಟ್ (ಬೀದರ್)

ಯಲ್ಲಾಪುರದ ಅಣ್ಣಾರಿಗೆ: ನೀವು ಹೊರಗಿನವರಂತೆ ಕಾಣುತ್ತೀರಿ ಎಂದ ಊರುಗಳಲ್ಲೇ ನಿಮ್ಮ ಮೂಲದವರು ಆಳಿದ್ದಾರೆ. ಬೀದರಿನ ಹೊರಗೆ ಹಬ್ಶಿ ಕೋಟ್ ಎಂಬ ದಿಬ್ಬ ಇದೆ, ಮೇಲೆ ಗೋರಿಗಳಿವೆ. ಹಬ್ಶಿ ಎಂದರೆ ಅಬಿಸೀನಿಯಾದವರು, ಇಂದಿನ ಇಥಿಯೋಪಿಯಾ ಕಡೆಯವರು. ಬಹಮನಿ ಕಾಲದ ಕೊನೆಗೆ ಕಲಬುರಗಿ ಸೀಮೆ ದಸ್ತೂರ್ ದಿನಾರ್ ಎಂಬ ಹಬ್ಶಿಯ ಕೈಯಲ್ಲಿತ್ತು. ಮಲಿಕ್ ಅಂಬರನ ಕಥೆ ಹೆಚ್ಚು ಜನಕ್ಕೆ ಗೊತ್ತು. ಗುಲಾಮನಾಗಿ ಮಾರಾಟವಾಗಿ ದಖ್ಖನಿಗೆ ಬಂದವನು, ಅಹಮದನಗರದ ರಾಜ್ಯವನ್ನೇ ನಡೆಸಿ 1626ರಲ್ಲಿ ತೀರಿಕೊಂಡ. ಮೊಘಲ್ ಬಾದಶಹ ಜಹಾಂಗೀರನಿಗೆ ಅವನ ಮೇಲೆ ಎಂಥ ಸಿಟ್ಟೆಂದರೆ, ತನ್ನ ನೆನಪಿನ ಬರಹದಲ್ಲಿ ಅವನ ಬಣ್ಣ ಹಿಡಿದು ಬೈದಿದ್ದಾನೆ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುವಂತೆ ಚಿತ್ರ ಬರೆಸಿಕೊಂಡಿದ್ದಾನೆ. ನಿಜದಲ್ಲಿ ಆ ತಲೆ ಅವನಿಗೆ ಸಿಗಲೇ ಇಲ್ಲ. ಬಾದಶಹನದು ಶುದ್ಧ ಪೂರ್ವಗ್ರಹ, ಆದರೆ ದಖ್ಖನಿನಲ್ಲಿ ಅದು ನಡೆಯಲಿಲ್ಲ.

ಬಹಮನಿ ಆಸ್ಥಾನದಲ್ಲಿ ದಖ್ಖನಿಗಳು ಮತ್ತು ಹೊರಗಿನಿಂದ ಬಂದ ಅಫಾಕಿಗಳು ಎಂಬ ಎರಡು ಬಣ. ಹಬ್ಶಿಗಳು ಹೆಚ್ಚಾಗಿ ದಖ್ಖನಿಗಳ ಕಡೆ. ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ. ಇರಾನಿನ ಗೀಲಾನ್‌ನಿಂದ ಬಂದ ಮಹಮೂದ್ ಗವಾನನನ್ನು 1481ರಲ್ಲಿ ಸುಳ್ಳು ಪತ್ರ ಸೃಷ್ಟಿಸಿ ಕೊಲ್ಲಿಸಿದ್ದು ಈ ಹಗೆಯೇ. ಅವನ ಮದರಸಾ ಮುಂದೆ ಸೆಲ್ಫಿ ತೆಗೆಯುವವರಿಗೆ ಇದು ಗೊತ್ತಿರುವುದಿಲ್ಲ, ಇರಲಿ. ನನ್ನ ಮಾತು ಏನೆಂದರೆ, ಅಲ್ಲಿ ಪೂರ್ವಗ್ರಹ ರಕ್ತ ಹರಿಸುವಷ್ಟು ಇತ್ತು, ರೇಸಿಸಂ ಇರಲಿಲ್ಲ. ಇಂದು ಇವರು ಮೇಲೆ, ನಾಳೆ ಅವರು.

ಡಲ್ಲಾಸ್ ಬೀದರಿ

ಹಬ್ಶಿ ಕೋಟ್ ಸಾಹೇಬರ, ಮಾರಾಟವಾಗಿ ಬಂದ ಮನುಷ್ಯಾನ ಕಥಿ ಹೇಳಿ "ರೇಸಿಸಂ ಇರಲಿಲ್ಲ" ಅಂದ್ರ ಹೆಂಗ್ರಿ? ಹತ್ತು ಮಂದಿ ಸರದಾರರಾದ್ರ, ಹೆಸರಿಲ್ದೆ ಸತ್ತ ಸಾವಿರಾರು ಮಂದಿ ಲೆಕ್ಕ ಯಾರು ಇಡಬೇಕು?

ಆದ್ರ ನೀವು ಹೇಳಿದ್ದರಾಗ ಒಂದು ಖರೆ ಅದ. ಅಲ್ಲಿ ಬಣ್ಣಕ್ಕೂ ಗುಲಾಮಗಿರಿಗೂ ಕಾನೂನಿನ ಗಂಟು ಬಿದ್ದಿರಲಿಲ್ಲ. ಅಮೆರಿಕದ ವರ್ಜೀನಿಯಾದಾಗ 1662ರಾಗ ಆ ಗಂಟು ಹಾಕಿದ್ರು: ತಾಯಿ ಗುಲಾಮಳಾದ್ರ ಹುಟ್ಟಿದ ಕೂಸೂ ಗುಲಾಮ. ಅಲ್ಲಿಂದ ಮುಂದ ಮಾಲಕ ಒಳ್ಳೆವಿದ್ದಾನೋ ಕೆಟ್ಟವಿದ್ದಾನೋ, ಕೂಸಿಗೇನೂ ಫರಕ್ ಬೀಳಲಿಲ್ಲ.

ನಾ ಇಲ್ಲಿ ಅಮೆರಿಕದ ಡಲ್ಲಾಸಿನಾಗ ಮನಿ ತಗೊಳ್ಳೋ ಮುಂದ ಓದಿಕೊಂಡೆ. 1930ರ ದಶಕದಾಗ ಸರ್ಕಾರವೇ ಊರುಗಳ ನಕಾಶೆ ಮಾಡಿ, ಕಪ್ಪುಜನ ಇರೋ ಓಣಿಗಳಿಗಿ ಕೆಂಪು ಬಣ್ಣ ಹಚ್ಚಿಸ್ತು. ಕೆಂಪು ಅಂದ್ರ ಸಾಲಕ್ಕ ಅಪಾಯ. ಬ್ಯಾಂಕು ಸಾಲ ಕೊಡಲಿಲ್ಲ, ಮನಿ ಬೆಲಿ ಏರಲಿಲ್ಲ, ಮಕ್ಕಳಿಗಿ ಬಿಟ್ಟುಹೋಗ್ಲಾಕ ಏನೂ ಉಳೀಲಿಲ್ಲ. 1968ರಾಗ ಕಾನೂನು ಬಂದು ಮನಿ ವಿಷಯದಾಗ ತಾರತಮ್ಯ ನಿಷೇಧ ಆಯ್ತು. ನಕಾಶೆ ಬರದವರು ಸತ್ತು ಎಷ್ಟೋ ವರ್ಷ ಆದ್ವು, ಓಣಿಗಳು ಇನ್ನೂ ಹಂಗೇ ಕಾಣ್ತಾವ. ಈಗ ಆ ಬ್ಯಾಂಕಿನಾಗ ಕೂತವರೊಳಗ ಒಬ್ಬ ರೇಸಿಸ್ಟ್ ಇರಲಿಕ್ಕಿಲ್ಲ. ಹಳೇ ಲೆಕ್ಕದ ಬಡ್ಡಿ ಮಾತ್ರ ಓಡ್ಲಾಕತ್ತದ.

ಇನ್ನೊಂದು ಕಹಿ ಮಾತು. ಇಲ್ಲಿ ನಮ್ಮವರೇ ಕೂತು ಊಟ ಮಾಡೋ ಮುಂದ "ಆ ಏರಿಯಾ ಬ್ಯಾಡ, ಕಾಲೂಗಳು ಜಾಸ್ತಿ" ಅಂತ ಕಪ್ಪುಜನಕ್ಕ ಅಂತಾರ. ಮರುದಿನ ಆಫೀಸಿನಾಗ ಯಾರರ ತಮ್ಮ ಹೆಸರು ತಪ್ಪು ಕರದ್ರ ಎಚ್‌ಆರ್‌ಗಿ ಮೇಲ್ ಹಾಕ್ತಾರ.

ಸುರಪುರ ಸವಾರ

ಅಂದ್ರ ಅಧಿಕಾರ ಇದ್ದವರದ್ದು ಮಾತ್ರ ರೇಸಿಸಂ? ಬಿಳಿಯರದ್ದು ಮಾತ್ರ? ನಮ್ಮಂಥವರು ಏನು ಅಂದ್ರೂ ಮಾಫಿ?

ಡಲ್ಲಾಸ್ ಬೀದರಿ

ಮಾಫಿ ಯಾರಿಗೂ ಇಲ್ಲ. ಅಧಿಕಾರಕ್ಕ ಬಣ್ಣ ಇಲ್ಲ ಅನ್ನೋದು ನೋಡ್ರಿ. ಉಗಾಂಡಾದಾಗ 1972ರಾಗ ಸರ್ವಾಧಿಕಾರಿ ಇದಿ ಅಮೀನ್ 90 ದಿನದಾಗ ಏಷ್ಯಾದವರು ದೇಶ ಬಿಡಬೇಕು ಅಂದ. ಗುಜರಾತಿ ಅಂಗಡಿಯವರು ಕೀಲಿ ಹಾಕಿ, ಕೈಗೆ ಸಿಕ್ಕಿದ್ದು ಹಿಡ್ಕೊಂಡು ಹೊಂಟ್ರು. ಹುಕುಂ ಕೊಟ್ಟಾಂವ ಕಪ್ಪು ಮನುಷ್ಯಾ, ಅದು ನೂರಕ್ಕ ನೂರು ರೇಸಿಸಂ. ಅದಕ್ಕೂ ಮೊದಲು ಆ ಅಂಗಡಿಯವರಲ್ಲಿ ಕೆಲವರು ಆಳುಗಳನ್ನ ಹೆಂಗ ನಡೆಸಿಕೊಳ್ತಿದ್ರು ಅನ್ನೋದೂ ಇತಿಹಾಸದಾಗ ಅದ. ಎರಡನ್ನೂ ಒಟ್ಟಿಗಿ ನೆನಪಿಡ್ಲಾಕ ಬರಬೇಕು.

ದವಾಖಾನಿ ಅಕ್ಕ (ಶಹಾಪುರ)

ನಾ ನರ್ಸ್. ನಿಮ್ಮ ಚರ್ಚಾದಾಗ ಎಲ್ಲಾರೂ ಮನುಷ್ಯಾರ ಮ್ಯಾಲೇ ಮಾತಾಡ್ಲಾಕತ್ತೀರಿ. ನಾ ಒಂದು ಮಷಿನ್ ಬಗ್ಗೆ ಹೇಳ್ತೀನಿ.

ಕೋವಿಡ್ ನಮ್ಮ ಕಡಿಗಿ ಹೆಂಗ ಬಂತು ಯಾರೂ ಮರ್ತಿಲ್ಲ. ದೇಶದ ಮೊದಲನೇ ಕೋವಿಡ್ ಸಾವು 2020ರ ಮಾರ್ಚಿನಾಗ, ಕಲಬುರಗಿಯವರದ್ದೇ. ಆಮ್ಯಾಲ ಹಳ್ಳಿಹಳ್ಳಿಗೂ ಬೆರಳಿಗಿ ಹಚ್ಚೋ ಆಕ್ಸಿಮೀಟರ್ ಬಂತು. ಆಶಾ ಕಾರ್ಯಕರ್ತೆಯರ ಚೀಲದಾಗೂ ಒಂದು. 94ಕಿಂತ ಕೆಳಗ ಬಂದ್ರ ದವಾಖಾನಿಗಿ, ಮ್ಯಾಲಿದ್ರ ಮನ್ಯಾಗೇ ಇರ್ರಿ ಅಂತ ಹೇಳ್ತಿದ್ವಿ. ಬೆಡ್ ಯಾರಿಗಿ ಅನ್ನೋದು ಆ ಅಂಕಿ ಮ್ಯಾಲೇ ಠರಾವ್ ಆಗ್ತಿತ್ತು.

ಆ ಮಷಿನ್ ಬೆರಳಿನಾಗ ಎರಡು ಬೆಳಕು ಬಿಡ್ತದ, ಒಂದು ಕೆಂಪು, ಇನ್ನೊಂದು ಕಣ್ಣಿಗಿ ಕಾಣದ ಇನ್‌ಫ್ರಾರೆಡ್. ರಕ್ತ ಯಾವುದನ್ನ ಎಷ್ಟು ಹೀರ್ತು ಅಂತ ನೋಡಿ ಆಕ್ಸಿಜನ್ ಲೆಕ್ಕ ಹಾಕ್ತದ. ತೊಗಲಿಗಿ ಬಣ್ಣ ಕೊಡೋ ಮೆಲನಿನ್ನೂ ಬೆಳಕು ಹೀರ್ತದ. ಮಷಿನಿನ ಲೆಕ್ಕ ಕೂಡಿಸೋ ಮುಂದ ಪರೀಕ್ಷಾಕ್ಕ ಬೆರಳು ಕೊಟ್ಟವರು ಹೆಚ್ಚಿನವರು ಬಿಳೇ ತೊಗಲಿನವರು. 2020ರ ಡಿಸೆಂಬರಿನಾಗ ಮಿಷಿಗನ್ ಡಾಕ್ಟರುಗಳು ಒಂದು ದೊಡ್ಡ ಮೆಡಿಕಲ್ ಜರ್ನಲ್‌ನಾಗ ಬರದ್ರು: ಮಷಿನ್ 92ರಿಂದ 96 ತೋರಿಸಿದಾಗ, ರಕ್ತ ತೆಗೆದು ನೋಡಿದ್ರ ಖರೆ ಆಕ್ಸಿಜನ್ 88ಕಿಂತ ಕೆಳಗ ಇದ್ದದ್ದು ಬಿಳಿಯರಾಗ ಶೇ. 3.6, ಕಪ್ಪುಜನದಾಗ ಶೇ. 11.7. ಮೂರು ಪಟ್ಟು. ಅಂದ್ರ ದಮ್ಮು ಕಟ್ಟಿದ ಮನುಷ್ಯಾಗ "ನಿಂದು ಚಲೋ ಅದ, ಮನಿಗಿ ಹೋಗು" ಅಂತ ಮಷಿನ್ ಹೇಳ್ತಿತ್ತು.

ನಮಗ ನೇಲ್ ಪಾಲಿಶ್ ಒರಸ್ರಿ, ತಣ್ಣಗಿದ್ದ ಬೆರಳು ತಿಕ್ಕ್ರಿ ಅಂತ ಟ್ರೇನಿಂಗ್ ಕೊಟ್ಟಿದ್ರು. ತೊಗಲಿನ ಬಣ್ಣದ ಮಾತು ಅದರಾಗ ಇದ್ದಿದ್ದಿಲ್ಲ. ಬಿಸಿಲು 44 ಅಣ್ಣಾ, ನೀವು ಕರೇ ಅಂತ ನಗ್ಯಾಡಿದ್ರಲ್ಲ, ಅದೇ ಕರೇ ಬೆರಳಿಗೇ ನಾವು ಅದನ್ನ ಹಚ್ಚಿದ್ದು.

ಈಗ ಹೇಳ್ರಿ, ಇಲ್ಲಿ ಯಾರು ರೇಸಿಸ್ಟ್? ಮಷಿನಿಗಿ ಮನಸ್ಸಿಲ್ಲ. ಮಾಡಿದ ಎಂಜಿನಿಯರಗ ಯಾರ ಮ್ಯಾಲೂ ದ್ವೇಷ ಇರಲಿಕ್ಕಿಲ್ಲ, ತನ್ನ ಸುತ್ತಲಿದ್ದ ಬೆರಳು ಹಿಡಿದು ನೋಡಿರಬೇಕು. ಅಲ್ಲಿತನಕ ಅದನ್ನ ಪಕ್ಷಪಾತ ಅಂತೀನಿ. ಆದ್ರ ಕಪ್ಪು ತೊಗಲಿನ ಮ್ಯಾಲೆ ಅಂಕಿ ತಪ್ತದ ಅಂತ 1990ರಾಗೇ ಡಾಕ್ಟರುಗಳು ಬರದಿದ್ರು. 2005ರಾಗ ಮತ್ತ ಬರದ್ರು. ಮಷಿನ್ ಹಂಗೇ ಮಾರಾಟ ಆಯ್ತು. ಔಷಧಿ, ದವಾಖಾನಿ ಮಷಿನ್‌ಗಳಿಗಿ ಒಪ್ಪಿಗಿ ಕೊಡೋ ಅಮೆರಿಕದ ಎಫ್‌ಡಿಎ ಹೆಚ್ಚು ಬಣ್ಣದ ತೊಗಲಿನವರ ಮ್ಯಾಲೆ ಪರೀಕ್ಷಾ ಮಾಡ್ರಿ ಅಂತ ಹೊಸ ಕರಡು ಮಾರ್ಗಸೂಚಿ ತಂದದ್ದು 2025ರ ಜನವರಿಯಾಗ. ಮೂವತ್ತೈದು ವರ್ಷ. ಬಿಳೇ ಬೆರಳಿನ ಮ್ಯಾಲೆ ಅಂಕಿ ತಪ್ಪಿದ್ರ ಮೂವತ್ತೈದು ವರ್ಷ ಸುಮ್ಮ ಕೂಡ್ತಿದ್ರೇನು? ಗೊತ್ತಿಲ್ದೆ ಆದದ್ದು ಒಂದು, ಗೊತ್ತಾದ ಮ್ಯಾಲೂ ಹಂಗೇ ಬಿಟ್ಟದ್ದು ಇನ್ನೊಂದು. ನನಗ ಫರಕ್ ಅಲ್ಲಿ ಕಾಣ್ತದ.

ಔರಾದ್ ಮೇಷ್ಟ್ರು

ಅಕ್ಕ ಅವರೇ, ಇದನ್ನು ನಾನು ತರಗತಿಯಲ್ಲಿ ಬಳಸಿಕೊಳ್ಳುತ್ತೇನೆ, ಅಪ್ಪಣೆ ಇರಲಿ.

ಬ್ರಿಟನ್ನಿನಲ್ಲೂ ಇಂಥದ್ದೇ ತೀರ್ಮಾನಕ್ಕೆ ಬಂದಿದ್ದರು. 1993ರಲ್ಲಿ ಲಂಡನ್ನಿನ ಬಸ್‌ಸ್ಟಾಪಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು ಬಿಳಿ ಯುವಕರು ಇರಿದು ಕೊಂದರು. ಪೊಲೀಸರು ತನಿಖೆ ಕೆಡಿಸಿದರು. 1999ರ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸ್ ಇಲಾಖೆಯನ್ನೇ ಸಾಂಸ್ಥಿಕವಾಗಿ ರೇಸಿಸ್ಟ್ ಎಂದು ಕರೆಯಿತು. ಪ್ರತಿ ಪೇದೆಯೂ ಕೆಟ್ಟವ ಎಂದಲ್ಲ. ಅರಿವಿಲ್ಲದ ಪೂರ್ವಗ್ರಹ, ಅಜ್ಞಾನ, ಅಲಕ್ಷ್ಯ ಎಲ್ಲ ಸೇರಿ ಒಂದು ಸಂಸ್ಥೆ ಕೆಲವರಿಗೆ ಸಲ್ಲಬೇಕಾದ ಸೇವೆ ಸಲ್ಲಿಸದೆ ಹೋದರೆ, ಆ ಸೋಲು ಸಂಸ್ಥೆಯದು ಎಂದು. ಸಾಂಸ್ಥಿಕ ರೇಸಿಸಂ ಎಂಬ ಮಾತನ್ನು ಅದಕ್ಕೂ ಮೊದಲು, 1967ರಲ್ಲೇ, ಅಮೆರಿಕದಲ್ಲಿ ಸ್ಟೋಕ್ಲಿ ಕಾರ್ಮೈಕೆಲ್ ಮತ್ತು ಚಾರ್ಲ್ಸ್ ಹ್ಯಾಮಿಲ್ಟನ್ ಮುಂದಿಟ್ಟಿದ್ದರು.

ಅಫಜಲಪುರ ಗಾಡಿ

ಲಂಡನ್‌ತನಕ ಯಾಕ್ರಿ ಹೋಗ್ತೀರಿ. ಸೊಲ್ಲಾಪುರಕ್ಕ ಬರ್ರಿ, ಸೆಟ್ಲಮೆಂಟ್ ಅಂತ ಕೇಳ್ರಿ, ಯಾರು ಬೇಕಾದ್ರೂ ದಾರಿ ತೋರಿಸ್ತಾರ. ಹುಬ್ಬಳ್ಳಿಯಾಗೂ ಇತ್ತು. ನಮ್ಮ ಬಳಗದವರು ಅಲ್ಲಿ ತಂತಿ ಬೇಲಿ ಒಳಗ ಇದ್ದವರು.

1871ರಾಗ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದ್ರು. ಆ ಪಟ್ಟಿಯಾಗ ನಿಮ್ಮ ಜಾತಿ ಹೆಸರು ಬಂತಂದ್ರ ನೀವು ಹುಟ್ಟಾ ಕಳ್ಳರು. ಹೆಬ್ಬೆಟ್ಟು ಒತ್ತಬೇಕು, ಹಾಜರಿ ಕೊಡಬೇಕು, ಪಾಸ್ ಇಲ್ದೆ ಊರು ಬಿಡಂಗಿಲ್ಲ. ಊರ ಮಂದಿ ನಮ್ಮನ್ನ ಅದಕ್ಕೂ ಮೊದಲು ಸಂಶಯದಿಂದ ನೋಡ್ತಿದ್ದಿರಬಹುದು, ಆದ್ರ ಬೇಸಿಗಿಗೊಂದು ಊರು ಮಳಿಗೊಂದು ಊರು ಅಂತ ತಿರುಗಿ ಬದುಕೋದು ಯಾರೂ ನಿಲ್ಲಿಸಿರಲಿಲ್ಲ. ಕಾಯ್ದೆ ನಿಲ್ಲಿಸ್ತು. 1952ರಾಗ ಅದು ರದ್ದಾಯ್ತು. ರದ್ದಾದ ಮ್ಯಾಲೂ ಎಲ್ಲರ ಕಳವಾದ್ರ ಮೊದಲು ಜೀಪು ಬರೋದು ನಮ್ಮ ಗುಡಸಲಿಗೇ. ಜೈಲಿನ ಮ್ಯಾನುಯಲ್‌ಗಳಾಗ ಜಾತಿ ನೋಡಿ ಕೆಲಸ ಹಂಚೋದು, ನಮ್ಮಂಥವರಿಗಿ ರೂಢಿಗತ ಅಪರಾಧಿ ಅನ್ನೋ ಹಣೆಪಟ್ಟಿ, ಇವೆಲ್ಲಾ ಮೊನ್ನೆಮೊನ್ನೆತನಕ ಅಚ್ಚಾಗೇ ಇದ್ವು. ಸುಪ್ರೀಂ ಕೋರ್ಟು 2024ರ ಅಕ್ಟೋಬರಿನಾಗ ಅದನ್ನ ಹೊಡೆದುಹಾಕ್ತು.

ಸವಾರ ಅಣ್ಣಾ, ನಿಮ್ಮ ಭಾಷಿಗಿ ನಕ್ಕವರ ಮ್ಯಾಲೆ ನನಗೂ ಸಿಟ್ಟದ. ಆದ್ರ ನಗೋರ ಕೈಯಾಗ ನಿಮ್ಮ ಹೆಬ್ಬೆಟ್ಟಿನ ರಿಜಿಸ್ಟರ್ ಇಲ್ಲ.

ಸುರಪುರ ಸವಾರ

ಗಾಡಿ ಅಣ್ಣಾ, ನಿಮ್ಮ ಮಾತಿಗಿ ಎದುರಾಡಂಗಿಲ್ಲ. ಆದ್ರ ಇದು ಜಾತಿ ಆಯ್ತು, ಜನಾಂಗ ಅಲ್ಲ. ಮತ್ತ ಜಾತಿನೂ ರೇಸಿಸಂ ಅಂತ ಅನ್ರಿ, ಚರ್ಚಾ ಮುಗೀಲಿ.

ಖುಬಾ ಪ್ಲಾಟ್ ವಕೀಲ

ಅದು ಅಷ್ಟು ಬೇಗ ಮುಗಿಯುವ ಚರ್ಚೆಯಲ್ಲ. ಅಂಬೇಡ್ಕರರು 1936ರಲ್ಲೇ, ಪಂಜಾಬಿನ ಬ್ರಾಹ್ಮಣನೂ ಪಂಜಾಬಿನ ಚಮ್ಮಾರನೂ ಜನಾಂಗದಲ್ಲಿ ಒಂದೇ, ಜಾತಿ ಎಂಬುದು ಜನಾಂಗದ ವಿಂಗಡಣೆಯಲ್ಲ ಎಂದು ವಾದಿಸಿದ್ದರು. 2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ನಿನಲ್ಲಿ ನಡೆದ ವಿಶ್ವಸಂಸ್ಥೆಯ ರೇಸಿಸಂ ವಿರೋಧಿ ಸಮ್ಮೇಳನದಲ್ಲಿ ದಲಿತ ಸಂಘಟನೆಗಳು ಜಾತಿಯನ್ನೂ ಚರ್ಚೆಗೆ ತನ್ನಿ ಎಂದವು, ಜಾತಿ ಜನಾಂಗವಲ್ಲ ಎಂದು ಭಾರತ ಸರ್ಕಾರ ವಿರೋಧಿಸಿತು. ತಮಾಷೆ ನೋಡಿ, ಅಂಬೇಡ್ಕರರ ಮಾತೂ ಸರ್ಕಾರದ ಮಾತೂ ಮೇಲ್ನೋಟಕ್ಕೆ ಒಂದೇ. ಉದ್ದೇಶ ಮಾತ್ರ ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. 1965ರ ಅಂತಾರಾಷ್ಟ್ರೀಯ ಒಪ್ಪಂದ ಜನಾಂಗೀಯ ತಾರತಮ್ಯದ ಆಧಾರಗಳಲ್ಲಿ ಬಣ್ಣದ ಜೊತೆಗೆ ವಂಶವನ್ನೂ ಹೆಸರಿಸುತ್ತದೆ, ಜಾತಿ ಅದರೊಳಗೆ ಬರುತ್ತದೆ ಎಂದು ಅದರ ಸಮಿತಿ ಹೇಳಿದೆ. ಅಮೆರಿಕದ ಸಿಯಾಟಲ್ ನಗರ 2023ರಲ್ಲಿ ಜಾತಿಯನ್ನು ತನ್ನ ತಾರತಮ್ಯ ವಿರೋಧಿ ಕಾನೂನಿಗೆ ಸೇರಿಸಿತು, ಜನಾಂಗದ ಅಡಿಯಲ್ಲಲ್ಲ, ಬೇರೆಯೇ ಹೆಸರಾಗಿ. ನನಗೆ ಅದು ಸರಿ ಕಾಣುತ್ತದೆ. ಜಾತಿಗೆ ತನ್ನದೇ ಹೆಸರು ಸಾಕು, ಸಾಲ ತರಬೇಕಿಲ್ಲ.

ಹಬ್ಶಿ ಕೋಟ್ (ಬೀದರ್)

ಹೆಸರು ಯಾವುದೇ ಇರಲಿ, ಯಂತ್ರ ಒಂದೇ ರೀತಿ ತಿರುಗುತ್ತದಲ್ಲ ವಕೀಲರೇ. ದಕ್ಷಿಣ ಆಫ್ರಿಕಾದಲ್ಲಿ 1950ರ ಕಾಯ್ದೆ ಪ್ರತಿಯೊಬ್ಬನನ್ನೂ ಜನಾಂಗದ ಪಟ್ಟಿಯಲ್ಲಿ ಬರೆಯಿತು. ಸಂಶಯ ಬಂದರೆ ಕೂದಲಿನಲ್ಲಿ ಪೆನ್ಸಿಲ್ ಸಿಕ್ಕಿಸಿ ನೋಡುತ್ತಿದ್ದರು, ಬಿದ್ದರೆ ಒಂದು ಪಟ್ಟಿ, ನಿಂತರೆ ಇನ್ನೊಂದು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಪಟ್ಟಿಗೆ ಹೋದದ್ದುಂಟು. ನಮ್ಮಲ್ಲಿ ಪೆನ್ಸಿಲ್ ಇಲ್ಲ, ಅಡ್ಡಹೆಸರು ಕೇಳಿದರೆ ಸಾಕು.

ಬಿಸಿಲು 44

ಅಕ್ಕ, ಆಕ್ಸಿಮೀಟರಿನ ಮಾತು ಗೊತ್ತಿರಲಿಲ್ಲ. ನಮ್ಮ ಮನ್ಯಾಗ ಇನ್ನೂ ಒಂದು ಅದ. ಅವ್ವಗ ದಮ್ಮಿನ ತ್ರಾಸ್ ಅದ, ದಿನಾ ಹಚ್ಚಿ ನೋಡ್ತೀವಿ. ಬಿಸಾಕಬೇಕೇನು?

ದವಾಖಾನಿ ಅಕ್ಕ (ಶಹಾಪುರ)

ಬಿಸಾಕಬ್ಯಾಡ್ರಿ. ಆರಾಮ ಇದ್ದಾಗ ಎಷ್ಟು ತೋರಿಸ್ತದ ಬರದಿಡ್ರಿ, ಅದರಕಿಂತ ಇಳೀಲಾಕತ್ತಿದ್ರ ನೋಡ್ರಿ. ಒಂದೇ ಅಂಕಿ ನಂಬಿ ಕೂಡಬ್ಯಾಡ್ರಿ. ಉಸಿರಾಟ ಜೋರಾದ್ರ, ತುಟಿ ನೀಲಿ ಆದ್ರ, ಮಾತಾಡ್ಲಾಕ ದಮ್ಮು ಸಾಲಲಿಲ್ಲಂದ್ರ ಮಷಿನ್ 96 ತೋರಿಸಿದ್ರೂ ದವಾಖಾನಿಗಿ ಕರ್ಕೊಂಡು ಬರ್ರಿ.

ಯಲ್ಲಾಪುರದಿಂದ ಬಂದವ

ವಕೀಲರೇ, ನಿಮ್ಮ ಮೊದಲಿನ ಮಾತಿನಲ್ಲಿ 15ನೇ ವಿಧಿ ಹೋಟೆಲುಗಳಿಗೂ ಚಾಚುತ್ತದೆ ಅಂದಿರಿ. ಲಾಡ್ಜಿನ ವಿಷಯ ದೂರು ಕೊಡಬಹುದೇ? ರೇಸಿಸಂ ಮಾಡಿದರು ಎಂದು ಬರೆದರೆ ಯಾವ ಕಚೇರಿಯಲ್ಲಿ ತೆಗೆದುಕೊಳ್ಳುತ್ತಾರೆ?

ಖುಬಾ ಪ್ಲಾಟ್ ವಕೀಲ

ಖಂಡಿತ ಕೊಡಿ. ಕಲಬುರಗಿ ನಗರವಾದರೆ ಪೊಲೀಸ್ ಕಮಿಷನರ್ ಕಚೇರಿ, ಬೀದರ್ ಅಥವಾ ಯಾದಗಿರಿಯಾದರೆ ಎಸ್‌ಪಿ ಕಚೇರಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ, ನೀವು ಪರಿಶಿಷ್ಟ ಪಂಗಡದವರಾದ್ದರಿಂದ ಇನ್ನೊಂದು ಪ್ರತಿ ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೆ.

ಆದರೆ ಅರ್ಜಿಯಲ್ಲಿ ರೇಸಿಸಂ ಎಂಬ ಪದ ಬೇಡ. ಬರೆದರೆ ಮ್ಯಾನೇಜರ್ "ನನ್ನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲ" ಎಂದು ಬರೆದುಕೊಡುತ್ತಾನೆ, ವಿಚಾರಣೆ ಅವನ ಮನಸ್ಸಿನ ಸುತ್ತಲೇ ತಿರುಗಿ ಅಲ್ಲೇ ಮುಗಿಯುತ್ತದೆ. ನಡೆದದ್ದನ್ನು ಬರೆಯಿರಿ. ಯಾವ ತಾರೀಖು, ಎಷ್ಟು ಹೊತ್ತು, ಯಾವ ಎರಡು ಕಾರ್ಡು ಕೊಟ್ಟಿರಿ, ಏನು ಕೇಳಿದರು, ಹಣ ಯಾವಾಗ ವಾಪಸು ಕೊಟ್ಟರು. ಆಧಾರ್ ಪೌರತ್ವದ ದಾಖಲೆಯಲ್ಲ ಎಂದು ಅವರು ವಾದ ಎತ್ತಬಹುದು. ಹಾಗಾದರೆ ಆ ರಾತ್ರಿ ರೂಮು ಪಡೆದ ಉಳಿದವರು ಆಧಾರ್ ಬಿಟ್ಟು ಬೇರೇನು ಕೊಟ್ಟಿದ್ದಾರೆ, ರಿಜಿಸ್ಟರ್ ತರಿಸಿ ನೋಡಿ ಎಂದು ಕೋರಿ. ಮತದಾರರ ಚೀಟಿಯಂತೂ ಭಾರತದ ಪ್ರಜೆಗೆ ಮಾತ್ರ ಕೊಡುವಂಥದ್ದು. ಕೊನೆಗೆ, ಇಂಥ ಚೀಟಿ ತೋರಿಸಿದವರಿಗೆ ಪಾಸ್‌ಪೋರ್ಟ್ ಕೇಳಬಾರದೆಂದು ಜಿಲ್ಲೆಯ ಎಲ್ಲಾ ಲಾಡ್ಜುಗಳಿಗೆ ಸುತ್ತೋಲೆ ಹೊರಡಿಸಬೇಕೆಂದು ಕೇಳಿ. ಆ ಕೌಂಟರಿನ ಹುಡುಗನಿಗೂ ಅದೇ ಬೇಕಿದೆ, ಪೊಲೀಸರ ಭಯ ಅವನಿಗೆ.

ಯಲ್ಲಾಪುರದಿಂದ ಬಂದವ

ಹಣ ಫೋನ್‌ಪೇಯಲ್ಲಿ ಕಟ್ಟಿದ್ದು, ಅದರಲ್ಲೇ ವಾಪಸು ಬಂದದ್ದು. ಎರಡಕ್ಕೂ ಹೊತ್ತು ಇದೆ. ನಾಳೆ ಕರಡು ಬರೆದು ಹಾಕುತ್ತೇನೆ, ತಿದ್ದಿಕೊಡಿ.

ಖುಬಾ ಪ್ಲಾಟ್ ವಕೀಲ

ಇಲ್ಲಿ ಹಾಕಬೇಡಿ, ನನಗೆ ಖಾಸಗಿ ಮೆಸೇಜಿನಲ್ಲಿ ಕಳಿಸಿ. ನಾಳೆಯವರೆಗೂ ಕಾಯಬೇಡಿ, ಕೌಂಟರಿನ ಸಿಸಿಟಿವಿ ರೆಕಾರ್ಡಿಂಗ್ ಉಳಿಸಿಡಬೇಕೆಂದು ಒಂದು ಸಾಲಿನ ಅರ್ಜಿ ಇವತ್ತೇ ಇಮೇಲ್ ಮಾಡಿ. ಅದು ತಾನಾಗಿಯೇ ಅಳಿಸಿಹೋಗುತ್ತದೆ.